ಅಕ್ಕಿಗೆ ಹೆಸರಿಡುವವರು ಯಾರು?

ಸವದತ್ತಿಯ ಕಿರಾಣಿ ಅಂಗಡಿಯಿಂದ ಅಕ್ಕಿಯ ಚೀಲ ತರುವ ಗೃಹಿಣಿಯರು ಅದರ ಮೇಲೆ 26 ಕೆ.ಜಿ. ಎಂದು ಮುದ್ರಿಸಿರುವುದನ್ನು ಗಮನಿಸಿರಬಹುದು. ಹಿಂದೆ ಅದೇ ಚೀಲ 25 ಕೆ.ಜಿ.ಯದ್ದಾಗಿತ್ತು. ಈ ಒಂದು ಕಿಲೋ ಗಿರಣಿ ಮಾಲಕರ ಔದಾರ್ಯದಿಂದ ಬಂದುದಲ್ಲ. 2022ರ ಜುಲೈ 18ರಂದು, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿಗೆ ಶೇ. 5ರ ಜಿಎಸ್‌ಟಿ ಜಾರಿಗೆ ಬಂತು. ಅದಕ್ಕಿಂತ ಹೆಚ್ಚು ತೂಕದ ಚೀಲಕ್ಕೆ ತೆರಿಗೆ ಇರಲಿಲ್ಲ. ಚೀಲಕ್ಕೆ ಒಂದು ಕಿಲೋ ಹೆಚ್ಚು ತುಂಬಿದೊಡನೆ ತೆರಿಗೆ ಮಾಯವಾಯಿತು. ದಿನಗೂಲಿ ಮಾಡಿ ಐದು ಕಿಲೋದ ಪೊಟ್ಟಣ ಕೊಳ್ಳುವವನು ತೆರಿಗೆ ಕೊಟ್ಟ. ಒಮ್ಮೆಗೇ ಚೀಲ ಇಳಿಸಿಕೊಳ್ಳುವ ಶಕ್ತಿಯಿದ್ದವನು ಪಾರಾದ. ಅನ್ನ ಒಂದೇ, ಅಕ್ಕಿ ಒಂದೇ. ಬದಲಾದದ್ದು ಕಾಗದದ ಮೇಲಿನ ವರ್ಗ ಮಾತ್ರ.

ಅಂಗಡಿಯ ಚೀಲದಲ್ಲಿ ನಡೆದ ಈ ಆಟವೇ ಬಂದರಿನಲ್ಲಿ ಲಕ್ಷಾಂತರ ಟನ್ನುಗಳ ಲೆಕ್ಕದಲ್ಲಿ ನಡೆಯುತ್ತದೆ. ಜಗತ್ತಿನ ಬಹುತೇಕ ದೇಶಗಳು ಅನುಸರಿಸುವ ಸುಂಕಪಟ್ಟಿಯಲ್ಲಿ ಅಕ್ಕಿಯ ಶೀರ್ಷಿಕೆ 1006. ಅದರೊಳಗೆ ನಾಲ್ಕು ಮನೆಗಳಿವೆ: ಹೊಟ್ಟು ಬಿಡಿಸದ ಭತ್ತ, ಹೊಟ್ಟು ಬಿಡಿಸಿಯೂ ತೌಡು ತೆಗೆಯದ ಕಂದು ಅಕ್ಕಿ, ಪಾಲಿಶ್ ಮಾಡಿದ ಅಕ್ಕಿ ಮತ್ತು ನುಚ್ಚಕ್ಕಿ. ಹಡಗಿನಲ್ಲಿ ಬಂದ ಸರಕು ಯಾವ ಮನೆಗೆ ಸೇರಿತು ಎಂಬುದರ ಮೇಲೆ ಸುಂಕ ನಿರ್ಧಾರವಾಗುತ್ತದೆ. ಭಾರತಕ್ಕೆ ಆಮದಾಗುವ ಭತ್ತ, ಕಂದು ಅಕ್ಕಿ ಮತ್ತು ನುಚ್ಚಿಗೆ ಶೇ. 80, ಪಾಲಿಶ್ ಮಾಡಿದ ಅಕ್ಕಿಗೆ ಶೇ. 70. ಯುರೋಪಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಗೊತ್ತುಪಡಿಸಿದ ತಳಿಗಳ ಕಂದು ಬಾಸ್ಮತಿಗೆ ಸುಂಕವಿಲ್ಲ, ಬಿಳಿ ಮಾಡಿ ಕಳಿಸಿದರೆ ಸುಂಕವಿದೆ. ಪಾಲಿಶ್ ಮಾಡುವ ಕೆಲಸವೂ ಅದರ ಲಾಭವೂ ತಮ್ಮ ಗಿರಣಿಗಳಲ್ಲೇ ಉಳಿಯಲಿ ಎಂಬುದು ಅದರ ಫಲ. ಇಂತಹ ವರ್ಗೀಕರಣವನ್ನು ಬರೀ ತಾಂತ್ರಿಕ ವಿಷಯವೆಂದು ಹೇಳುವವರು ಒಂದೋ ತಿಳಿಯದವರು, ಇಲ್ಲವೇ ತಿಳಿದೂ ಮರೆಮಾಚುವವರು.

ನಮ್ಮ ಶೇ. 70 ಮತ್ತು 80ರ ಹಿಂದೆಯೂ ಒಂದು ಕಥೆಯಿದೆ. ಗ್ಯಾಟ್ ಒಪ್ಪಂದದ ಆರಂಭದ ಕಾಲದಲ್ಲಿ ಅಕ್ಕಿಗೆ ಸುಂಕ ಹಾಕುವುದಿಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಆಮದಿನ ಪ್ರಮಾಣಕ್ಕೆ ನಿರ್ಬಂಧವಿದ್ದುದರಿಂದ ದಶಕಗಳ ಕಾಲ ಆ ಸೊನ್ನೆ ಯಾರನ್ನೂ ಕಾಡಲಿಲ್ಲ. 1999ರಲ್ಲಿ ಅಮೆರಿಕ ಹೂಡಿದ್ದ ವ್ಯಾಜ್ಯದಲ್ಲಿ ಭಾರತ ಸೋತು, ಆ ನಿರ್ಬಂಧಗಳನ್ನು 2001ರ ಏಪ್ರಿಲ್ 1ರೊಳಗೆ ಪೂರ್ತಿಯಾಗಿ ತೆಗೆಯಬೇಕಾಯಿತು. ಸೊನ್ನೆ ಸುಂಕ ಹಾಗೆಯೇ ಉಳಿದಿದ್ದರೆ ಭತ್ತದ ರೈತನಿಗೆ ಯಾವ ರಕ್ಷಣೆಯೂ ಇರುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ, ಬೇರೆ ಕೆಲವು ಸರಕುಗಳ ಮೇಲೆ ರಿಯಾಯಿತಿ ಬಿಟ್ಟುಕೊಟ್ಟು, ಅಕ್ಕಿಗೆ ಈ ಸುಂಕದ ಹಕ್ಕನ್ನು ಮರಳಿ ಪಡೆಯಲಾಯಿತು. ಸುಂಕಪಟ್ಟಿಯ ಒಂದು ಸಾಲು ಕೋಟ್ಯಂತರ ರೈತರ ಬದುಕಿಗೆ ಬೇಲಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬೇಲಿಯೇ ಹೊಲ ಮೇಯ್ದ ಕಥೆಯೂ ಇದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ನುಚ್ಚಕ್ಕಿಯ ರಫ್ತನ್ನು ನಿಷೇಧಿಸಿತು. 2023ರ ಜುಲೈ 20ರಂದು, ಭತ್ತದ ನಾಟಿ ನಡೆಯುತ್ತಿರುವಾಗಲೇ, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿತು. ಕುಚ್ಚಲಕ್ಕಿ ಮತ್ತು ಬಾಸ್ಮತಿಗೆ ಬಾಗಿಲು ತೆರೆದೇ ಇತ್ತು. ಆಮೇಲೆ ಏನಾಯಿತು? ಬಿಳಿ ಅಕ್ಕಿಯು ಕುಚ್ಚಲಕ್ಕಿಯ ಮತ್ತು ಬಾಸ್ಮತಿಯ ಸಂಕೇತ ಸಂಖ್ಯೆಗಳನ್ನು ಹೊತ್ತು ಹಡಗು ಹತ್ತುತ್ತಿದೆ ಎಂದು ಸ್ವತಃ ಸರಕಾರವೇ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಗೆ ಶೇ. 20ರ ರಫ್ತು ಸುಂಕ, ಬಾಸ್ಮತಿಗೆ ಟನ್ನಿಗೆ 1200 ಡಾಲರಿನ ಕನಿಷ್ಠ ಬೆಲೆ ಬಂದವು. 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಇವೆಲ್ಲ ತೆರವಾದವು. ನುಚ್ಚಿನ ನಿಷೇಧ 2025ರ ಮಾರ್ಚ್‌ವರೆಗೆ ಉಳಿಯಿತು. ಈ ಎರಡೂವರೆ ವರ್ಷದಲ್ಲಿ ಹೆಸರು ಬದಲಿಸಿ ದಾಟಿದವರು ಕಾಗದಪತ್ರ ಬಲ್ಲವರು. ಗದ್ದೆಯಲ್ಲಿ ನಿಂತವನಿಗೆ ತನ್ನ ಭತ್ತದ ಹೆಸರನ್ನು ಬದಲಿಸುವ ಸೌಕರ್ಯವಿರಲಿಲ್ಲ.

ಇದೆಲ್ಲ ಬಡವನ ತಟ್ಟೆಯ ಕಾಳಜಿಯಿಂದ ಮಾಡಿದ್ದು ಎಂಬ ಸಮರ್ಥನೆ ಇದೆ. ದೇಶದಲ್ಲಿ ಅಕ್ಕಿಯ ಬೆಲೆ ಏರಿದಾಗ ರಫ್ತಿಗೆ ತಡೆ ಹಾಕುವುದು ಸರಕಾರದ ಹಕ್ಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ 2023ರ ಜೂನ್‌ನಲ್ಲಿ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರಕಾರಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಅನ್ನಭಾಗ್ಯಕ್ಕೆ ದುಡ್ಡು ಕೊಟ್ಟು ಕೊಳ್ಳಲು ಸಿದ್ಧವಿದ್ದ ಕರ್ನಾಟಕಕ್ಕೆ ಅಕ್ಕಿ ಸಿಗದೆ, ಹೆಚ್ಚುವರಿ ಐದು ಕಿಲೋಗೆ ಬದಲಾಗಿ ತಲೆಗೆ 170 ರೂಪಾಯಿ ಹಂಚಬೇಕಾಯಿತು. ಖಾಸಗಿ ವ್ಯಾಪಾರಿ ಟೆಂಡರಿನಲ್ಲಿ ಕೊಳ್ಳಬಹುದಾದ ಅಕ್ಕಿಯನ್ನು ಪಡಿತರಕ್ಕಾಗಿ ರಾಜ್ಯ ಕೊಳ್ಳಬಾರದು ಎಂಬ ವರ್ಗೀಕರಣ ಯಾವ ಬಡವನ ಹಿತಕ್ಕಾಗಿ?

ಕಾಗದದ ಮೇಲಿನ ಹೆಸರಿಗೂ ನೆಲದ ಮೇಲಿನ ನಿಜಕ್ಕೂ ಸಂಬಂಧ ತಪ್ಪಿದಾಗ ಏನಾಗುತ್ತದೆಂದು ನವಿಲುತೀರ್ಥದ ನೀರಿನ ಆಸರೆಯಲ್ಲಿರುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಲಪ್ರಭೆಗೆ ಇಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆಗಳ ಕೆಳಗಿನ ಜಮೀನುಗಳು ದಾಖಲೆಯಲ್ಲಿ ನೀರಾವರಿಯಾದವು. ಎಷ್ಟೋ ಹೊಲಗಳಿಗೆ ನೀರು ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮುಟ್ಟಿತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ರೈತರು ಗೋಲಿಬಾರಿಗೆ ಬಲಿಯಾದರು. ನಾಡಿನ ರೈತ ಚಳವಳಿಗೆ ಕಿಡಿ ಹತ್ತಿದ್ದು ಅಲ್ಲಿಂದ. ಒಣ ಹೊಲವನ್ನು ನೀರಾವರಿ ಎಂದು ಬರೆದ ಲೇಖನಿಗೂ ಬಿಳಿ ಅಕ್ಕಿಯನ್ನು ಕುಚ್ಚಲಕ್ಕಿ ಎಂದು ಬರೆದ ಲೇಖನಿಗೂ ವ್ಯತ್ಯಾಸವಿಲ್ಲ. ಎರಡರ ಬೆಲೆಯನ್ನೂ ತೆರುವವನು ರೈತನೇ.

ಹಾಗೆಂದು ಬೆರಳನ್ನು ದಿಲ್ಲಿಯ ಕಡೆಗಷ್ಟೇ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. ಸುಂಕದ ಮನೆಯಲ್ಲಿ ಸರಕಿನ ಹೆಸರನ್ನು ಮೊದಲು ಬರೆದುಕೊಡುವವನು ವ್ಯಾಪಾರಿಯೇ. ವ್ಯಾಪಾರ ನಮ್ಮ ಸಮುದಾಯದ ಪಾಲಿಗೆ ಬರೀ ಹೊಟ್ಟೆಪಾಡಲ್ಲ, ಅದೊಂದು ಅಮಾನತ್ತು. ಅಳತೆ ಮತ್ತು ತೂಕದಲ್ಲಿ ವಂಚಿಸುವವರನ್ನು ಕುರ್‌ಆನ್ ಎಷ್ಟು ಕಟುವಾಗಿ ಎಚ್ಚರಿಸಿದೆಯೆಂದು ಬಲ್ಲವರು, ಸರಕಿನ ಹೆಸರಿನಲ್ಲಿ ವಂಚಿಸುವುದು ಜಾಣತನವೆಂದು ತಿಳಿದರೆ ಅದಕ್ಕಿಂತ ದೊಡ್ಡ ಆತ್ಮವಂಚನೆ ಇಲ್ಲ. ವಲೀಮಾದ ಬಿರಿಯಾನಿಗೆಂದು ಬಾಸ್ಮತಿಯ ಹಣ ತೆಗೆದುಕೊಂಡು ಬೇರೆ ಅಕ್ಕಿ ಕಟ್ಟಿಕೊಡುವ ಅಂಗಡಿಯವನೂ ಇದೇ ಸಾಲಿಗೆ ಸೇರುತ್ತಾನೆ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಅಕ್ಕಿಯ ಸುಂಕ ಮತ್ತು ವರ್ಗಗಳನ್ನು ಬದಲಿಸುವುದಾದರೆ ಬಿತ್ತನೆಗೆ ಮುಂಚೆ ತಿಳಿಸಬೇಕು. ಹಾಗೆ ಬದಲಿಸುವ ಮುನ್ನ ರೈತರನ್ನೂ, ಪಡಿತರ ಹಂಚುವ ರಾಜ್ಯಗಳನ್ನೂ ಕೇಳಬೇಕು. ಸುಳ್ಳು ಹೆಸರಿನಲ್ಲಿ ಸರಕು ದಾಟಿಸಿದವರನ್ನು ಶಿಕ್ಷಿಸಬೇಕೇ ಹೊರತು, ಅವರ ತಪ್ಪಿಗೆ ಇಡೀ ಬೆಳೆಗೆ ದಂಡ ವಿಧಿಸಬಾರದು. ಚಿಕ್ಕ ಪೊಟ್ಟಣ ಕೊಳ್ಳುವ ಬಡವನು ದೊಡ್ಡ ಚೀಲ ಕೊಳ್ಳುವವನಿಗಿಂತ ಹೆಚ್ಚು ತೆರಿಗೆ ಕೊಡುವ ನಿಯಮ ಎಲ್ಲಿದ್ದರೂ ಅದನ್ನು ಕಿತ್ತೊಗೆಯಬೇಕು.

ಅಕ್ಕಿಗೆ ಹೆಸರಿಡುವ ಅಧಿಕಾರ ಬೆಳೆಯುವವನ ಕೈಯಲ್ಲೂ ಇಲ್ಲ, ಉಣ್ಣುವವನ ಕೈಯಲ್ಲೂ ಇಲ್ಲ. ನಮ್ಮ ಮತ ಕೇಳಲು ಬರುವವರ ಮುಂದೆ ಈ ಪ್ರಶ್ನೆಯನ್ನು ಇಡದಿದ್ದರೆ, ಮುಂದಿನ ಚೀಲದ ಮೇಲೆ ಏನು ಬರೆದಿರಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಾರೆ.