ಜನರನ್ನು ಓದುವ ವಿದ್ಯೆ ಯಾರಿಗೆ?

ಬಿ.ಎ. ತರಗತಿಗೆ ಮಾನವಶಾಸ್ತ್ರವೇಕೆ ಎಂದು ಕೇಳುವವರಿದ್ದಾರೆ. ಅದನ್ನು ಓದಿದವರಿಗೆ ಯಾರು ಕೆಲಸ ಕೊಡುತ್ತಾರೆ, ಸಣ್ಣ ಕಾಲೇಜಿಗೆ ಈ ದೊಡ್ಡಸ್ತಿಕೆ ಬೇಕೇ ಎಂಬುದು ಅವರ ವಾದ. ಪದವಿ ತರಗತಿಯಲ್ಲಿ ಈ ಶಾಸ್ತ್ರವನ್ನು ಕಲಿಸುವ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಈ ವಾದವೇ ಗೆದ್ದಿದೆ ಎನ್ನಬೇಕು. ನಾವು ಇದನ್ನು ಒಪ್ಪುವುದಿಲ್ಲ. ಕುಲ, ಕಸುಬು, ಮದುವೆ, ದೇವರು, ಭೂಮಿ ಇವುಗಳಿಗಿರುವ ಸಂಬಂಧವನ್ನು ಜನರ ನಡುವೆ ಇದ್ದು ತಿಳಿಯುವ ವಿದ್ಯೆ ಇದು. ಇದು ಬಡವರ ಮಕ್ಕಳಿಗೆ ಬೇಡವೆಂದರೆ, ಬಡವರನ್ನು ಕುರಿತು ಬರೆಯುವ ಅಧಿಕಾರ ಇತರರಿಗೇ ಸೇರಿದ್ದೆಂದು ಹೇಳಿದಂತಾಯಿತು.

ಈ ಶಾಸ್ತ್ರ ನಮ್ಮಲ್ಲಿಗೆ ಬಂದದ್ದು ಆಳುವವರ ಕೈಹಿಡಿದು ಎಂಬುದನ್ನು ಮರೆಯಬಾರದು. ಬ್ರಿಟಿಷ್ ಅಧಿಕಾರಿ ರಿಸ್ಲೆ ಮೂಗಿನ ಅಳತೆ ತೆಗೆದು ಜಾತಿಗಳಿಗೆ ದರ್ಜೆ ಕಟ್ಟಹೊರಟ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟು ಕಾಯಿದೆ ಇಡೀ ಕುಲಗಳನ್ನು ಹುಟ್ಟುಕಳ್ಳರೆಂದು ಪಟ್ಟಿಗೆ ಸೇರಿಸಿತು; ಅದು ರದ್ದಾಗಲು 1952 ಬರಬೇಕಾಯಿತು. ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳನ್ನು ಕುರಿತು ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಹೊರಬಂದ ನಾಲ್ಕು ಸಂಪುಟಗಳು ಅಪಾರ ಪರಿಶ್ರಮದ ಫಲ. ಆದರೆ ಅವು ಇಂಗ್ಲಿಷಿನಲ್ಲಿದ್ದವು. ಯಾರನ್ನು ಕುರಿತು ಬರೆದರೋ ಅವರಿಗೆ ಅದನ್ನು ಓದಿ, ಇದು ಸರಿ, ಇದು ತಪ್ಪು ಎನ್ನುವ ಅವಕಾಶವಿರಲಿಲ್ಲ.

ಪದವಿ ತರಗತಿಯಲ್ಲಿ ಈ ವಿದ್ಯೆಗೆ ಜಾಗ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಮೈಸೂರೇ ಸಾಕ್ಷಿ. ಪ್ರೊ. ಎ.ಆರ್. ವಾಡಿಯಾ ಅವರ ಕಾಲದಲ್ಲಿ ಮಹಾರಾಜಾ ಕಾಲೇಜಿನಲ್ಲಿದ್ದ ಸಮಾಜ ತತ್ತ್ವಶಾಸ್ತ್ರದ ಆನರ್ಸ್ ವ್ಯಾಸಂಗದಲ್ಲಿ ಸಾಮಾಜಿಕ ಮಾನವಶಾಸ್ತ್ರವೂ ಸೇರಿತ್ತು. ಅಲ್ಲಿ ಓದಿ 1936ರಲ್ಲಿ ಪದವಿ ಪಡೆದ ಮೈಸೂರಿನ ಹುಡುಗನೇ ಮುಂದೆ ಜಗತ್ತು ಬಲ್ಲ ಎಂ.ಎನ್. ಶ್ರೀನಿವಾಸ್. ಅವರು 1948ರಲ್ಲಿ ಮೈಸೂರಿಗೆ ದೂರವಲ್ಲದ ಒಂದು ಹಳ್ಳಿಯಲ್ಲಿ ನೆಲೆನಿಂತರು. ಅದಕ್ಕೆ ರಾಮಪುರ ಎಂಬ ಹೆಸರಿಟ್ಟು ಬರೆದರು. ಭೂಮಿ, ಸಂಖ್ಯೆ, ಅಧಿಕಾರ ಇವು ಒಂದೇ ಜಾತಿಯಲ್ಲಿ ಕೂಡಿದರೆ ಹಳ್ಳಿ ಯಾರ ಮಾತಿನಂತೆ ನಡೆಯುತ್ತದೆ ಎಂಬುದನ್ನು ‘ಪ್ರಬಲ ಜಾತಿ’ ಎಂಬ ಎರಡು ಮಾತಿನಲ್ಲಿ ತೋರಿಸಿಕೊಟ್ಟರು. ಚುನಾವಣೆಯಲ್ಲಿ ಓಡಾಡಿದ ಯಾವ ಕಾರ್ಯಕರ್ತನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತಾವು ಹಳ್ಳಿಯನ್ನು ಕಂಡದ್ದು ಮೇಲ್ಜಾತಿಯ ಕಣ್ಣಿನಿಂದ ಎಂದು ಶ್ರೀನಿವಾಸರೇ 1976ರ ತಮ್ಮ ಪುಸ್ತಕದಲ್ಲಿ ಒಪ್ಪಿದ್ದಾರೆ. ಅದು ಅವರ ದೊಡ್ಡತನ. ಅವರಿಗೆ ಕಾಣದೆ ಉಳಿದ ಕೇರಿಯಿಂದ ಹಳ್ಳಿ ಹೇಗೆ ಕಾಣುತ್ತದೆಂದು ಬರೆಯಬೇಕಾದವರು ಆ ಕೇರಿಯ ಮಕ್ಕಳು. ಅವರಿಗೆ ಆ ತರಬೇತಿ ಎಲ್ಲಿದೆ?

ಕೃಷ್ಣಮೂರ್ತಿಪುರಂ ಅನ್ನೇ ನೋಡೋಣ. ಶಾರದಾವಿಲಾಸ ವಿದ್ಯಾಸಂಸ್ಥೆಗಳಿರುವ, ಬಹುಕಾಲದಿಂದ ಮಧ್ಯಮ ವರ್ಗದವರ ಬಡಾವಣೆ. ಅಲ್ಲಿಂದ ಕಾಲು ಗಂಟೆ ನಡೆದರೆ ಅಶೋಕಪುರಂ, ಮೈಸೂರಿನ ದಲಿತ ಜನರ ದೊಡ್ಡ ನೆಲೆ, ಅಂಬೇಡ್ಕರ್ ವಿಚಾರದ ತವರು. ಒಂದೇ ಊರು, ಒಂದೇ ಬಸ್ಸು. ಆದರೂ ಈ ಬೀದಿಯವರು ಆ ಬೀದಿಯ ಮದುವೆಯಲ್ಲಿ ಉಂಡಿದ್ದಾರೆಯೇ? ಆ ಬೀದಿಯವರಿಗೆ ಈ ಬೀದಿಯಲ್ಲಿ ಮನೆ ಬಾಡಿಗೆಗೆ ಸಿಗುತ್ತದೆಯೇ? ಇಂಥ ಪ್ರಶ್ನೆಯನ್ನು ಹಿಡಿದು ಮನೆಮನೆಗೆ ಹೋಗಿ, ಕೇಳಿದ್ದನ್ನು ಕೇಳಿದಂತೆ ಬರೆದುಕೊಳ್ಳುವುದೇ ಮಾನವಶಾಸ್ತ್ರದ ಕ್ಷೇತ್ರಕಾರ್ಯ. ಅದಕ್ಕೆ ಪ್ರಯೋಗಶಾಲೆ ಬೇಡ, ಲಕ್ಷಗಟ್ಟಲೆ ಯಂತ್ರ ಬೇಡ. ಒಂದು ನೋಟ್ ಪುಸ್ತಕ, ತಾಳ್ಮೆ, ತಿದ್ದುವ ಒಬ್ಬ ಉಪನ್ಯಾಸಕರು ಸಾಕು. ಸಣ್ಣ ಕಾಲೇಜಿಗೆ ಇದಕ್ಕಿಂತ ಒಗ್ಗುವ ವಿಷಯ ಇನ್ನಾವುದು?

ಪ್ರಯೋಜನ ಕೇಳುವವರು ಕಾಡಿನ ಕಡೆ ನೋಡಲಿ. ಈ ಶಾಸ್ತ್ರದ ವಿದ್ಯಾರ್ಥಿ ಮೊದಮೊದಲು ಕಲಿಯುವ ಕೆಲಸಗಳಲ್ಲಿ ವಂಶಾವಳಿ ಬರೆಯುವುದೂ ಒಂದು. 2006ರ ಅರಣ್ಯ ಹಕ್ಕು ಕಾಯಿದೆಯ ಕೆಳಗೆ ರಚಿತವಾದ ನಿಯಮಗಳು ಹಿರಿಯರ ಬಾಯಿಮಾತನ್ನು ಬರೆದಿಟ್ಟ ಹೇಳಿಕೆಯನ್ನೂ, ಹಳೆಯ ದಾಖಲೆಯ ಹೆಸರುಗಳಿಗೆ ಕೂಡಿಸುವ ವಂಶಾವಳಿಯನ್ನೂ ಹಕ್ಕಿನ ಸಾಕ್ಷ್ಯವೆಂದು ಅಂಗೀಕರಿಸುತ್ತವೆ. ಬಿಳಿಗಿರಿರಂಗನಬೆಟ್ಟ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾದ 2011ರಲ್ಲಿಯೇ ಸೋಲಿಗರ ಗ್ರಾಮಸಭೆಗಳು ಅಲ್ಲಿ ಸಮುದಾಯ ಅರಣ್ಯ ಹಕ್ಕನ್ನು ಪಡೆದುಕೊಂಡವು. ಹುಣಸೂರು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ನಾಗರಹೊಳೆಯಿಂದ ಒಕ್ಕಲೆಬ್ಬಿಸಲ್ಪಟ್ಟ ಜೇನುಕುರುಬರ ಮನೆಗಳಲ್ಲಿ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಅವರ ಮಾತನ್ನು ಬರೆದಿಡಬಲ್ಲ ಹತ್ತು ಮಂದಿ ಹಾಡಿಯ ಹುಡುಗ ಹುಡುಗಿಯರು ಹತ್ತು ವಕೀಲರಷ್ಟು ಕೆಲಸ ಮಾಡಿಯಾರು.

ಇನ್ನು ನೌಕರಿಯ ಮಾತು. ಹಸಿದವರಿಗೆ ಅದು ಸಣ್ಣ ಮಾತಲ್ಲ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಮೈಸೂರು, ಧಾರವಾಡ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎ. ಮಟ್ಟದ ಅಧ್ಯಯನವಿದೆ. ಐ.ಎ.ಎಸ್. ಪರೀಕ್ಷೆಗೆ ಇದು ಐಚ್ಛಿಕ ವಿಷಯ. ಉಳ್ಳವರ ಮಕ್ಕಳು ದಿಲ್ಲಿಗೆ ಹೋಗಿ ಹಣ ತೆತ್ತು ಇದನ್ನೇ ಕಲಿಯುತ್ತಾರೆ. ಮೇಲಿನ ಮಹಡಿಯಲ್ಲಿ ಕೋಣೆ ಕಟ್ಟಿ ಮೆಟ್ಟಿಲು ತೆಗೆದಿಟ್ಟರೆ ಹತ್ತುವವರಾರು? ಬಿ.ಎ. ತರಗತಿಯೇ ಆ ಮೆಟ್ಟಿಲು.

ನಾವು ಕೇಳುವುದು ಇಷ್ಟೆ. ಮೈಸೂರು ಮತ್ತು ಸುತ್ತಲ ಜಿಲ್ಲೆಗಳ ಕಾಲೇಜುಗಳಲ್ಲಿ ಮಾನವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆರೆಯಲಿ. ಪಾಠವೂ ಪರೀಕ್ಷೆಯೂ ಕನ್ನಡದಲ್ಲಿ ನಡೆಯಲಿ. ತಾತ್ಕಾಲಿಕ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟದೆ ಖಾಯಂ ಅಧ್ಯಾಪಕರನ್ನು ನೇಮಿಸಲಿ. ಕ್ಷೇತ್ರಕಾರ್ಯದ ಬಸ್ ಖರ್ಚನ್ನು ಸರ್ಕಾರ ಕೊಡಲಿ. ಅದಿಲ್ಲದಿದ್ದರೆ ಬಡ ವಿದ್ಯಾರ್ಥಿ ಈ ವಿಷಯದ ಹತ್ತಿರ ಸುಳಿಯಲಾರ. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿ ಯಾವ ಕೇರಿಯ, ಯಾವ ಹಾಡಿಯ ವಿಷಯ ಬರೆದನೋ ಅಲ್ಲಿಯ ಜನರೆದುರು ಅದನ್ನು ಓದಿ ಹೇಳಲಿ. ಅವರು ತಪ್ಪೆಂದದ್ದನ್ನು ತಿದ್ದಲಿ. ಇಷ್ಟು ದಿನ ಬರೆಸಿಕೊಂಡವರು ಇನ್ನು ತಾವೇ ಬರೆಯುವಂತಾಗಬೇಕು.