ಊರಿಗೆ ಬಂದವರು ನೀರಿಗೆ ಬರಬೇಡವೆ?

ಸ್ಪೇನ್ ದೇಶದಲ್ಲಿ ಬಿಡಾರ ಹೂಡಬಯಸುವ ಇಂಗ್ಲಿಷರು, ಜರ್ಮನರು, ಡಚ್ಚರು ತಮ್ಮತಮ್ಮಲ್ಲಿ ಒಂದು ಪ್ರಶ್ನೆಯನ್ನು ಬಹಳ ಕಾಲದಿಂದ ಚರ್ಚಿಸುತ್ತಿದ್ದಾರೆ. ಪ್ರವಾಸಿಗಳಿಂದ ಗಿಜಿಗುಡುವ ಕಡಲತೀರದಲ್ಲಿ, ತಮ್ಮ ಭಾಷೆಯ ವೈದ್ಯ, ತಮ್ಮ ಭಾಷೆಯ ಅಂಗಡಿ, ತಮ್ಮ ದೇಶದ ತಿಂಡಿ ಸಿಗುವ ಕಡೆ ಇರುವುದು ಲೇಸೋ? ಅಥವಾ ಹತ್ತಿಪ್ಪತ್ತು ಮೈಲಿ ಒಳಗೆ ಸರಿದು, ಸ್ಪೇನಿನ ಜನರ ಮಾತು ಕಲಿತು, ಅವರ ನಡುವೆ ಅವರಲ್ಲೊಬ್ಬರಾಗಿ ಬಾಳುವುದು ಲೇಸೋ?

ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವರಿಗೂ, ಅಂಗಡಿ ಬಾಗಿಲು ಹಾಕಿ ಲೆಕ್ಕ ಬರೆಯಲು ಕೂತವರಿಗೂ ಇಂಥ ದೂರದ ಚರ್ಚೆಯಿಂದ ಆಗಬೇಕಾದ್ದೇನು ಎಂದು ಓದುಗರು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಇದು ಬಿಸಿಲು ನೆಳಲಿನ ಪ್ರಶ್ನೆಯಲ್ಲ, ಅಭಿರುಚಿಯ ಪ್ರಶ್ನೆಯೂ ಅಲ್ಲ. ಮನೆಬಾಡಿಗೆ, ದಿನಗೂಲಿ, ನೆರೆಹೊರೆ ಈ ಮೂರರ ಪ್ರಶ್ನೆ. ಈ ಮೂರೂ ನಮ್ಮ ಓದುಗರಿಗೆ ಹೊಸವಲ್ಲ.

ಮೊದಲು ಆ ಕರಾವಳಿ ಹೀಗೇಕೆ ಆಯಿತೆಂಬುದನ್ನು ನೋಡೋಣ. ಅಲಿಕಾಂತೆ ಪ್ರಾಂತದ ಬೆನಿಡೋರ್ಮ್ 1950ರ ಸುಮಾರಿಗೆ ಮೂರು ಸಾವಿರದಷ್ಟು ಜನರಿದ್ದ ಬೆಸ್ತರ ಊರು. ಬಲೆ ಕಟ್ಟಿ ದೊಡ್ಡ ಟ್ಯೂನಾ ಮೀನು ಹಿಡಿಯುವುದರಲ್ಲಿ ಅಲ್ಲಿಯವರದು ಎತ್ತಿದ ಕೈ. ಪೆದ್ರೊ ಸರಗೊಸಾ ಎಂಬುವರು ನಗರಾಧ್ಯಕ್ಷರಾಗಿದ್ದಾಗ, 1956ರಲ್ಲಿ, ಊರಿಗೆ ಹೊಸ ನಕ್ಷೆ ಹಾಕಿದರು. ತೀರದಲ್ಲಿ ತುಂಡುಡುಗೆ ತೊಡಲು ಅವಕಾಶ ಬೇಕೆಂದು ಅವರು ಸ್ಕೂಟರ್ ಹತ್ತಿ ಮ್ಯಾಡ್ರಿಡ್‌ಗೆ ಹೋಗಿ ಸರ್ವಾಧಿಕಾರಿ ಫ್ರಾಂಕೊನನ್ನೇ ಕಂಡರೆಂದು ಇಂದಿಗೂ ಕಥೆ ಹೇಳುತ್ತಾರೆ. ಇಂದು ಅಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ, ಮುಗಿಲು ಮುಟ್ಟುವ ಹೋಟೆಲುಗಳು. 2002ರಲ್ಲಿ ತೆರೆದ ಒಂದು ಹೋಟೆಲಿನ ಎತ್ತರ 186 ಮೀಟರು.

ಕಥೆಯ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಅಂದು ಸ್ಪೇನಿನಲ್ಲಿ ಸ್ವತಂತ್ರ ಕಾರ್ಮಿಕ ಸಂಘಕ್ಕೆ ಅವಕಾಶವಿರಲಿಲ್ಲ; ಮುಷ್ಕರ ಹೂಡಿದರೆ ಅಪರಾಧ. ಸರ್ಕಾರದ ಬೊಕ್ಕಸದಲ್ಲಿ ವಿದೇಶಿ ಹಣವಿರಲಿಲ್ಲ. 1959ರಲ್ಲಿ ಪೆಸೆಟಾದ ಬೆಲೆ ಇಳಿಸಿ, ವಿದೇಶಿ ಬಂಡವಾಳಕ್ಕೂ ಪ್ರವಾಸಿಗಳಿಗೂ ಬಾಗಿಲು ತೆರೆದರು. ಅಗ್ಗದ ಬಿಸಿಲು, ಅಗ್ಗದ ನೆಲ, ಬಾಯಿ ತೆರೆಯಲಾಗದ ಅಗ್ಗದ ಕೂಲಿಯಾಳು, ಈ ಮೂರನ್ನು ಒಟ್ಟಿಗೆ ಮಾರಿದರು. ಅದೇ 1960ರ ದಶಕದಲ್ಲಿ ಹೊಟ್ಟೆಪಾಡಿಗಾಗಿ ಲಕ್ಷಗಟ್ಟಲೆ ಸ್ಪೇನಿಗರು ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳಿಗೆ ರೈಲು ಹತ್ತಿದರು. ಬಿಸಿಲು ಕಾಯಲು ಜರ್ಮನ್ ಯಜಮಾನ ಸ್ಪೇನಿಗೆ ಬಂದ. ಅವನ ಕಾರ್ಖಾನೆಯ ಕುಲುಮೆ ಕಾಯಲು ಸ್ಪೇನಿನ ರೈತ ಜರ್ಮನಿಗೆ ಹೋದ.

ಫ್ರಾಂಕೊ 1975ರಲ್ಲಿ ಸತ್ತ. 1978ರಲ್ಲಿ ಹೊಸ ಸಂವಿಧಾನ ಬಂತು. 1986ರಲ್ಲಿ ಸ್ಪೇನ್ ಯೂರೋಪಿನ ಒಕ್ಕೂಟ ಸೇರಿತು. ಪ್ರಜಾಪ್ರಭುತ್ವ ಬಂದರೂ ಕರಾವಳಿಯ ವ್ಯಾಪಾರದ ದಿಕ್ಕು ಬದಲಾಗಲಿಲ್ಲ. 2024ರಲ್ಲಿ ಸ್ಪೇನಿಗೆ ಬಂದ ವಿದೇಶಿ ಪ್ರವಾಸಿಗಳು ಸುಮಾರು 9.4 ಕೋಟಿ. ದೇಶದ ಜನಸಂಖ್ಯೆಯಾದರೋ ಐದು ಕೋಟಿ ತುಂಬಿಲ್ಲ. ರಾಷ್ಟ್ರದ ಉತ್ಪನ್ನದಲ್ಲಿ ಎಂಟರಲ್ಲಿ ಒಂದು ಪಾಲು ಪ್ರವಾಸೋದ್ಯಮದ್ದೆಂದು ಲೆಕ್ಕ.

ಈ ಹಣ ಯಾರ ಮನೆ ಸೇರಿತು? ಹೋಟೆಲಿನ ಕೋಣೆ ಗುಡಿಸಿ ಹಾಸಿಗೆ ಹಾಸುವ ಹೆಣ್ಣುಮಕ್ಕಳನ್ನು ಕೇಳಬೇಕು. 2012ರ ಕಾರ್ಮಿಕ ಕಾಯಿದೆಯ ತಿದ್ದುಪಡಿ, ಇಡೀ ಉದ್ಯಮಕ್ಕೆ ಅನ್ವಯಿಸುವ ಒಪ್ಪಂದಕ್ಕಿಂತ ಒಂದೊಂದು ಕಂಪನಿಯ ಒಪ್ಪಂದವೇ ಮೇಲೆಂದಿತು. ಹೋಟೆಲಿನವರು ಶುಚಿಗೊಳಿಸುವ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸಿ ಕೂಲಿ ಇಳಿಸಿಕೊಂಡರು. ಬೆನ್ನು ಹಿಡಿದ, ತೋಳು ಸೋತ ಆ ಹೆಂಗಸರು ತಮ್ಮನ್ನು ‘ಕೆಲ್ಲಿಗಳು’ ಎಂದು ಕರೆದುಕೊಂಡರು. ಶುಚಿ ಮಾಡುವವರು ಎಂಬ ಸ್ಪ್ಯಾನಿಷ್ ಮಾತಿನಿಂದ ಹುಟ್ಟಿದ ಹೆಸರು. 2016ರಲ್ಲಿ ಸಂಘ ಕಟ್ಟಿ ಬೀದಿಗಿಳಿದರು. ಉದ್ಯಮದ ಒಪ್ಪಂದದ ಕೂಲಿಯೇ ಮೇಲೆಂಬ ನಿಯಮ 2021ರ ಕೊನೆಯಲ್ಲಿ ಮರಳಿ ಬಂತು. ಗುತ್ತಿಗೆಯ ಕಾಟ ಎಂಥದೆಂದು ಗಿರಣಿಯ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ.

ಕೂಲಿ ಹೀಗಾದರೆ ಬಾಡಿಗೆ ಇನ್ನೊಂದು. ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ವಾರದ ಲೆಕ್ಕದಲ್ಲಿ ಪ್ರವಾಸಿಗೆ ಕೊಟ್ಟರೆ ಲಾಭ ಹೆಚ್ಚೆಂದು ಮನೆಯೊಡೆಯರು ಕಂಡುಕೊಂಡರು. ಇಬಿಜಾ ದ್ವೀಪದಲ್ಲಿ ಊಟ ಬಡಿಸುವವರು, ಮನೆ ಕಟ್ಟುವವರು ವ್ಯಾನುಗಳಲ್ಲಿ, ಡೇರೆಗಳಲ್ಲಿ ಮಲಗುವ ಸ್ಥಿತಿ ಬಂತು. ಶಾಲಾ ಉಪಾಧ್ಯಾಯರಿಗೂ ದಾದಿಯರಿಗೂ ಸಂಬಳಕ್ಕೆ ನಿಲುಕುವ ಮನೆಯಿಲ್ಲ. 2024ರ ಏಪ್ರಿಲ್ 20ರಂದು ಕ್ಯಾನರಿ ದ್ವೀಪಗಳ ಜನ ‘ನಮ್ಮ ದ್ವೀಪಗಳಿಗೂ ಒಂದು ಮಿತಿಯಿದೆ’ ಎಂದು ಸಾವಿರಗಟ್ಟಲೆ ಮೆರವಣಿಗೆ ಹೊರಟರು. ಜುಲೈಯಲ್ಲಿ ಬಾರ್ಸೆಲೋನಾದ ಪ್ರದರ್ಶನಕಾರರು ಹೋಟೆಲ್ ಮುಂದೆ ಕುಳಿತ ಪ್ರವಾಸಿಗಳ ಮೇಲೆ ಆಟದ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಹಾಗೆ ನೀರು ಚಿಮ್ಮಿಸಿದ್ದನ್ನು ನಾವು ಮೆಚ್ಚುವುದಿಲ್ಲ. ಅತಿಥಿಯ ಮೇಲೆ ಕೈ ಎತ್ತುವುದರಿಂದ ಮನೆಯೊಡೆಯನ ಲೆಕ್ಕದ ಪುಸ್ತಕ ನೆನೆಯುವುದಿಲ್ಲ. ಆದರೆ ಆ ಸಿಟ್ಟಿಗೆ ಕಾರಣವಿಲ್ಲವೆಂದು ಹೇಳುವವರು ಬಾಡಿಗೆ ಮನೆ ಹುಡುಕಿದವರಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬಂದವರೆಲ್ಲ ಶ್ರೀಮಂತರು, ಶತ್ರುಗಳು ಎಂದು ತಿಳಿಯಬಾರದು. ಸ್ಪೇನಿನಲ್ಲಿ ನೆಲೆಸಿದವರೆಂದು ದಾಖಲಾದ ಬ್ರಿಟಿಷರೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಸ್ ಓಡಿಸಿದವರು, ಆಸ್ಪತ್ರೆಯಲ್ಲಿ ದುಡಿದವರು, ಕಾರ್ಖಾನೆಯಲ್ಲಿ ಸವೆದವರು ಬೇಕಾದಷ್ಟಿದ್ದಾರೆ. ಮಂಜು ಮಳೆಯ ಊರಿನಲ್ಲಿ ಕೀಲುನೋವು ಸಹಿಸಿ, ಕೊನೆಗಾಲದಲ್ಲಿ ನಾಲ್ಕು ದಿನ ಬಿಸಿಲಿನಲ್ಲಿ ಕೂರಬೇಕೆಂದು ಚಿಕ್ಕ ಮನೆ ಮಾರಿ ಬಂದವರು. ಅವರನ್ನು ಕರೆತಂದು, ಕಡಲು ಕಾಣದ ಜಾಗವನ್ನೂ ಕಡಲತೀರವೆಂದು ಮಾರಿದವನು ಬೇರೆ. ನಿವೇಶನದ ದಲ್ಲಾಳಿ, ಕಟ್ಟಡದ ಬಂಡವಾಳಗಾರ, ಅವರಿಗೆ ಮುದ್ರೆಯೊತ್ತಿದ ಪುರಸಭೆಯ ಪುಢಾರಿ, ಈ ಮೂವರೂ ಯಾವ ದೇಶದವರಾದರೂ ಒಂದೇ ಜಾತಿ.

ಒಂದು ಉದಾಹರಣೆ ಸಾಕು. 2008ರ ಜನವರಿಯಲ್ಲಿ ಅಲ್ಮೆರಿಯಾ ಪ್ರಾಂತದ ವೇರಾ ಊರಿನ ಬಳಿ ಇಂಗ್ಲಿಷ್ ವೃದ್ಧ ದಂಪತಿಗಳ ಮನೆಯನ್ನು ಯಂತ್ರ ತಂದು ಕೆಡವಿದರು. ಪುರಸಭೆ ಪರವಾನಗಿ ಕೊಟ್ಟಿತ್ತು. ಮೇಲಿನ ಸರ್ಕಾರ ಅದನ್ನು ರದ್ದು ಮಾಡಿತ್ತು. ಆ ಸೀಮೆಯಲ್ಲಿ ಇಂಥ ಅಕ್ರಮ ಮನೆ ಕೊಂಡು ಕಂಗಾಲಾದವರು ಅನೇಕರು. ಊರಿನ ಹತ್ತು ಮಂದಿ ಸ್ನೇಹಿತರಿದ್ದರೆ ‘ಅದು ಹೊಲದ ಜಮೀನು, ಮನೆ ಕಟ್ಟುವಂತಿಲ್ಲ’ ಎಂದು ಯಾರಾದರೂ ಕಿವಿಮಾತು ಹೇಳುತ್ತಿರಲಿಲ್ಲವೆ? ಭಾಷೆಯೆಂಬುದು ಬರಿಯ ಸೊಗಸಲ್ಲ. ಬಡವನಿಗೂ ವೃದ್ಧನಿಗೂ ಅದೇ ವಕೀಲ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಎರಡು ಬಗೆಯ ಮೇಷ್ಟರನ್ನು ಕಂಡಿದ್ದೇವೆ. ಒಬ್ಬರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಪಟ್ಟಣಕ್ಕೆ ಮರಳುವವರು. ಇನ್ನೊಬ್ಬರು ಹಳ್ಳಿಯಲ್ಲೇ ಎರಡಂಕಣದ ಮನೆ ಹಿಡಿದವರು. ಪಾಠ ಇಬ್ಬರೂ ಚೆನ್ನಾಗಿಯೇ ಹೇಳುತ್ತಿದ್ದರು. ಆದರೆ ಬಾವಿ ಬತ್ತಿದಾಗ ಅರ್ಜಿ ಬರೆದುಕೊಟ್ಟವರು ಹಳ್ಳಿಯಲ್ಲಿದ್ದ ಮೇಷ್ಟರು; ಅವರ ಮನೆಯಲ್ಲೂ ನೀರಿರಲಿಲ್ಲವಲ್ಲ! ಕಷ್ಟ ಒಂದಾದಾಗಲೇ ಊರು ಒಂದಾಗುವುದು.

ಸ್ಪೇನಿನಲ್ಲಿ ಇದಕ್ಕೆ ಕಾಗದದ ಲೆಕ್ಕವೂ ಇದೆ. ಪ್ರತಿ ಪುರಸಭೆಯಲ್ಲೂ ‘ಪದ್ರೋನ್’ ಎಂಬ ನಿವಾಸಿಗಳ ದಫ್ತರಿದೆ. ಕೇಂದ್ರ ಸರ್ಕಾರದಿಂದ ಊರಿಗೆ ಬರುವ ಹಣಕ್ಕೆ ಅದರಲ್ಲಿರುವ ತಲೆಗಳ ಸಂಖ್ಯೆಯೇ ಮುಖ್ಯ ಆಧಾರ. ಬಂದವರು ಹೆಸರು ಬರೆಸದೆ ಹೋದರೆ ಊರಿಗೆ ಜನ ಹೆಚ್ಚು, ಹಣ ಕಡಿಮೆ. ಕಸ ಎತ್ತುವವರು ಸಾಲದು, ವೈದ್ಯರು ಸಾಲದು. ಆಸ್ಪತ್ರೆಯ ಸಾಲಿನಲ್ಲಿ ನಿಂತ ಸ್ಪೇನಿನ ಮುದುಕಿ ಪರದೇಶಿಯನ್ನು ಶಪಿಸುತ್ತಾಳೆ. ತೆರಿಗೆಯ ಭಯದಿಂದಲೋ ಸೋಮಾರಿತನದಿಂದಲೋ ಹೆಸರು ಬರೆಸದವನು ನೆರೆಯವನ ಪಾಲಿನ ಔಷಧಿಯನ್ನು ಕಿತ್ತುಕೊಂಡಂತೆಯೇ ಸರಿ. ಯೂರೋಪಿನ ಒಕ್ಕೂಟದವರು 1999ರಿಂದ ಅಲ್ಲಿನ ಪುರಸಭೆಯ ಚುನಾವಣೆಗಳಲ್ಲಿ ಓಟು ಹಾಕಬಹುದು. ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟರೂ 2019ರ ಒಪ್ಪಂದದಿಂದ ಬ್ರಿಟಿಷರಿಗೂ ಆ ಹಕ್ಕು ಉಳಿದಿದೆ. ಕೈಯಲ್ಲಿರುವ ಓಟನ್ನು ಬಳಸದೆ ಕ್ಲಬ್ಬಿನಲ್ಲಿ ಕುಳಿತು ರಸ್ತೆ ಸರಿಯಿಲ್ಲವೆಂದು ಗೊಣಗುವುದು ನಾಗರಿಕನ ಲಕ್ಷಣವಲ್ಲ.

ಬೆರೆತು ಬಾಳಿದವರಿಗೆ ಊರು ಏನು ಕೊಡುತ್ತದೆಂಬುದಕ್ಕೆ ಜೆರಾಲ್ಡ್ ಬ್ರೆನನ್ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಈ ಇಂಗ್ಲಿಷ್ ಲೇಖಕ 1920ರಲ್ಲಿ ಗ್ರನಾಡಾದ ದಕ್ಷಿಣದ ಬೆಟ್ಟಸೀಮೆಯ ಯೆಹೆನ್ ಎಂಬ ಬಡ ಹಳ್ಳಿಯಲ್ಲಿ ಮನೆ ಹಿಡಿದ. ಕೈಯಲ್ಲಿ ಹೊರಗಿನ ಹಣವಿತ್ತು, ಪೆಟ್ಟಿಗೆ ತುಂಬ ಪುಸ್ತಕಗಳಿದ್ದವು. ಹಳ್ಳಿಯವರಿಗೆ ಸಮನೆಂದು ಹೇಳಲಾಗದು. ಆದರೂ ಅವರ ಭಾಷೆ, ಅವರ ಬೇಸಾಯ, ಅವರ ಜಗಳಗಳನ್ನು ಕಲಿತ. ಅಂತರ್ಯುದ್ಧಕ್ಕೆ ಕಾರಣವಾದ ರೈತ ಕಾರ್ಮಿಕರ ಬವಣೆಯನ್ನು ಕುರಿತು 1943ರಲ್ಲಿ ಅವನು ಪ್ರಕಟಿಸಿದ ಗ್ರಂಥವನ್ನು ಫ್ರಾಂಕೊ ಸರ್ಕಾರ ನಿಷೇಧಿಸಿತು. 1984ರಲ್ಲಿ ತೊಂಬತ್ತು ವರ್ಷದ ಮುದುಕನನ್ನು ಲಂಡನ್ ಬಳಿಯ ವೃದ್ಧಾಶ್ರಮಕ್ಕೆ ಸೇರಿಸಿದಾಗ, ಅವನು ಕೊನೆಗೆ ನೆಲೆಸಿದ್ದ ಅಲೌರೀನ್ ಎಲ್ ಗ್ರಾಂದೆ ಊರಿನವರು ಸುಮ್ಮನಿರಲಿಲ್ಲ. ಗಲಾಟೆ ಎಬ್ಬಿಸಿ, ಆಂದಲೂಸಿಯಾ ಸರ್ಕಾರದ ನೆರವಿನಿಂದ ಅವನನ್ನು ವಾಪಸು ಕರೆಸಿಕೊಂಡು, 1987ರಲ್ಲಿ ಸಾಯುವವರೆಗೆ ನೋಡಿಕೊಂಡರು. ಹುಟ್ಟಿದ ದೇಶ ವೃದ್ಧಾಶ್ರಮ ತೋರಿಸಿತು. ಬೆರೆತ ಊರು ಮನೆ ತೋರಿಸಿತು.

ಒಳನಾಡಿಗೆ ಹೋದರೆ ಎಲ್ಲ ಸರಿಹೋಯಿತೆಂದೂ ಅಲ್ಲ. ಒಳನಾಡಿನ ಹಳ್ಳಿಗಳು ವಲಸೆಯಿಂದ ಬರಿದಾಗಿವೆ, ಶಾಲೆಗಳು ಮುಚ್ಚುತ್ತಿವೆ. ‘ಬರಿದಾದ ಸ್ಪೇನ್’ ಎಂದು 2019ರ ಮಾರ್ಚ್‌ನಲ್ಲಿ ಆ ಜನ ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ನಡೆಸಿದರು. ಅಲ್ಲಿಗೆ ಮಕ್ಕಳೊಂದಿಗೆ ಹೋಗಿ ನೆಲೆಸುವವರು ಶಾಲೆಯನ್ನು ಉಳಿಸಿಯಾರು. ಆದರೆ ನಾಲ್ಕು ಮನೆ ಕೊಂಡು ಬೀಗ ಹಾಕಿ, ಬೇಸಿಗೆಗೆ ಮಾತ್ರ ಬಾಡಿಗೆಗೆ ಕೊಡುವವನು ಹಳ್ಳಿಗೆ ಹೋದರೂ ಕರಾವಳಿಯನ್ನೇ ಹೊತ್ತು ಹೋದಂತೆ. ಇನ್ನೊಂದು ಮಾತು: ಕರಾವಳಿಯಲ್ಲಿ ಸ್ಥಳೀಯರೇ ಇಲ್ಲವೆಂದು ತಿಳಿದವರು ಕಣ್ಣು ತೆರೆದು ನೋಡಿಲ್ಲ. ಬೆನಿಡೋರ್ಮಿನಲ್ಲಿ ತಟ್ಟೆ ತೊಳೆಯುವವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಆ ಸೀಮೆಯ ಮನೆಮಾತು ವಲೆನ್ಸಿಯನ್. ಫ್ರಾಂಕೊ ಕಾಲದಲ್ಲಿ ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದ ಭಾಷೆ. ಅದರಲ್ಲಿ ಒಂದು ನಮಸ್ಕಾರ ಹೇಳಿದರೆ ಮುಖ ಅರಳುವುದೇಕೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆರೆಯುವ ಮಾತು ಬಂದಾಗ ಇನ್ನೊಂದು ಅನ್ಯಾಯವನ್ನು ಹೇಳದೆ ವಿಧಿಯಿಲ್ಲ. ಉತ್ತರದಿಂದ ಬಂದ ಬಿಳಿಯ ಪಿಂಚಣಿದಾರ ಅಲ್ಲಿ ‘ವಿದೇಶಿ ನಿವಾಸಿ’. ದಕ್ಷಿಣದಿಂದ ಬಂದ ಮೊರಾಕ್ಕೊದ ಕೂಲಿ ‘ವಲಸೆಗಾರ’. ಮೊದಲಿನವನಿಗೆ ಬೆರೆಯುವುದು ಇಷ್ಟವಿದ್ದರೆ ಉಂಟು. ಎರಡನೆಯವನಿಗೆ ಬೆರೆಯಲಿಲ್ಲವೆಂಬುದೇ ಅಪರಾಧ. ಅಲ್ಮೆರಿಯಾದ ಪ್ಲಾಸ್ಟಿಕ್ ಚಪ್ಪರಗಳ ಅಡಿಯಲ್ಲಿ ಯೂರೋಪಿಗೆಲ್ಲ ಟೊಮೆಟೊ, ಮೆಣಸಿನಕಾಯಿ ಬೆಳೆದುಕೊಡುವವನು ಅವನೇ. 2000ದ ಫೆಬ್ರವರಿಯಲ್ಲಿ, ಒಬ್ಬನ ಕೈಯಿಂದ ಆದ ಕೊಲೆಯ ನೆಪದಿಂದ, ಎಲ್ ಎಹಿದೊ ಊರಿನಲ್ಲಿ ಮೊರಾಕ್ಕೊದವರೆಲ್ಲರ ಅಂಗಡಿ ಗುಡಿಸಲುಗಳ ಮೇಲೆ ದಾಳಿ ನಡೆಯಿತು. ಅವರು ಕೆಲಸ ನಿಲ್ಲಿಸಿದಾಗ ಮಾತ್ರ ಅವರಿಲ್ಲದೆ ಚಪ್ಪರದಲ್ಲಿ ಕಾಯಿ ಕೀಳುವವರಿಲ್ಲವೆಂಬುದು ಊರಿಗೆ ತಿಳಿಯಿತು. 2013ರಿಂದ 2025ರ ಏಪ್ರಿಲ್‌ವರೆಗೆ ಐದು ಲಕ್ಷ ಯೂರೋ ಕೊಟ್ಟು ಮನೆ ಕೊಂಡವನಿಗೆ ವಾಸದ ಪರವಾನಗಿ ಕೊಡುವ ಕಾನೂನೇ ಇತ್ತು! ಹಣವಿದ್ದವನಿಗೆ ಬಾಗಿಲು, ದುಡಿಯುವವನಿಗೆ ಮುಳ್ಳುಬೇಲಿ.

ಸಣ್ಣ ವ್ಯಾಪಾರಿಗಳು ನಮ್ಮ ದೇಶದವರದೇ ಒಂದು ನಿದರ್ಶನವನ್ನು ಗಮನಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸಿಂಧ್ ಪ್ರಾಂತದ ವರ್ತಕರು ಕ್ಯಾನರಿ ದ್ವೀಪಗಳ ಬಂದರುಗಳಲ್ಲಿ ಅಂಗಡಿ ತೆರೆದರು. ಹಡಗಿನ ಪ್ರಯಾಣಿಕರಿಗೆ ರೇಷ್ಮೆ, ಮುಂದೆ ಗಡಿಯಾರ, ರೇಡಿಯೊ ಮಾರಿದರು. ದೇಶ ವಿಭಜನೆಯಿಂದ ಮರಳಲು ಊರೇ ಇಲ್ಲದಂತಾಯಿತು. ಅವರು ಮನೆಯಲ್ಲಿ ತಮ್ಮ ದೇವರನ್ನು ಇಟ್ಟುಕೊಂಡು ಅಂಗಡಿಯಲ್ಲಿ ಸ್ಪ್ಯಾನಿಷ್ ಆಡಿದರು. ಮಕ್ಕಳು ಅಲ್ಲಿಯವರೇ ಆದರು. ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋದ ನಮ್ಮ ಕರಾವಳಿಯ ಹುಡುಗರು ಮರಾಠಿ ಕಲಿತದ್ದೂ ಹೀಗೆಯೇ. ಬೆರೆಯುವುದೆಂದರೆ ತನ್ನತನ ಕಳೆದುಕೊಳ್ಳುವುದಲ್ಲವೆಂದು ಇವರಿಂದ ಕಲಿಯಬೇಕು.

ಹಾಗಾದರೆ ನಮ್ಮ ತೀರ್ಮಾನವೇನು? ಸ್ಪೇನಿಗೆ ಹೋಗುವವರು ಕಡಲ ಪಕ್ಕದಲ್ಲಾದರೂ ಇರಲಿ, ಬೆಟ್ಟದ ಬುಡದಲ್ಲಾದರೂ ಇರಲಿ. ಹೋದ ದಿನವೇ ದಫ್ತರಿನಲ್ಲಿ ಹೆಸರು ಬರೆಸಲಿ. ಊರಿನ ಮಾತು ಕಲಿಯಲಿ. ತೆರಿಗೆ ಕಟ್ಟಲಿ, ಓಟು ಹಾಕಲಿ. ವಾಸಕ್ಕೆ ಒಂದು ಮನೆ ಸಾಕು. ವ್ಯಾಪಾರಕ್ಕೆ ಹತ್ತು ಮನೆ ಬೇಡ. ಕೋಣೆ ಗುಡಿಸುವವರು ಮುಷ್ಕರ ಹೂಡಿದ ದಿನ ಅವರ ಪಕ್ಕದಲ್ಲಿ ನಿಲ್ಲಲಿ.

ಆದರೆ ಬಂದವರ ಒಳ್ಳೆಯತನವೊಂದರಿಂದಲೇ ಬಾಡಿಗೆ ಇಳಿಯುವುದಿಲ್ಲ. ಅದು ಸರ್ಕಾರದ ಕೆಲಸ. ಎಲ್ಲರಿಗೂ ಯೋಗ್ಯ ವಸತಿಯ ಹಕ್ಕಿದೆ, ನೆಲದ ಸಟ್ಟಾವ್ಯಾಪಾರವನ್ನು ಅಧಿಕಾರಸ್ಥರು ತಡೆಯಬೇಕು ಎಂದು ಸ್ಪೇನಿನ ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. 2028ರ ನವೆಂಬರ್ ವೇಳೆಗೆ ಪ್ರವಾಸಿಗಳಿಗೆ ಮೀಸಲಾದ 10,101 ಮನೆಗಳ ಪರವಾನಗಿಯನ್ನು ಕೊನೆಗಾಣಿಸುವುದಾಗಿ ಬಾರ್ಸೆಲೋನಾ ನಗರ 2024ರಲ್ಲಿ ಸಾರಿತು. ಜನ ಬೀದಿಗಿಳಿದಿದ್ದರಿಂದಲೇ ಸರ್ಕಾರಗಳಿಗೆ ಸಂವಿಧಾನದ ಆ ವಿಧಿ ನೆನಪಾಯಿತು.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನಮ್ಮ ಹಿರಿಯರು ಕೇಳಿದರು. ತನ್ನ ಮನೆಯಂಗಳದಲ್ಲೇ ಈಜುಕೊಳ ಕಟ್ಟಿಕೊಂಡು ಕೂತವನು ಬಾವಿಗೆ ಬರುವುದಿಲ್ಲ. ಬಾವಿ ಬತ್ತಿದ್ದೂ ಅವನಿಗೆ ತಿಳಿಯುವುದಿಲ್ಲ. ಬಂದವರು ಬಾವಿಕಟ್ಟೆಗೆ ಬರಲಿ, ಸರದಿಯಲ್ಲಿ ನಿಲ್ಲಲಿ. ಇದ್ದವರು ಸರಿದು ಜಾಗ ಕೊಡಲಿ. ಬಾವಿಯನ್ನೇ ಬೇಲಿ ಹಾಕಿ ಮಾರಹೊರಟವನು ಯಾರೆಂದು ಆಗ ಇಬ್ಬರಿಗೂ ಒಟ್ಟಿಗೆ ಕಾಣುತ್ತದೆ.