ರೇತಿ ಬಂದರಿನ ಮರಳು, ಭಾರತದ ಬೀಚ್ ಸಾಕರ್

2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ನಡೆದ ಏಷ್ಯನ್ ಬೀಚ್ ಸಾಕರ್ ಕಪ್‌ನಲ್ಲಿ ಹದಿನಾರು ರಾಷ್ಟ್ರಗಳ ನಡುವೆ ಭಾರತದ ತಂಡವೂ ಕಣಕ್ಕಿಳಿಯಿತು. 2007ರ ನಂತರ ಈ ಪಂದ್ಯಾವಳಿಯಲ್ಲಿ ಭಾರತ ಕಾಣಿಸಿಕೊಂಡದ್ದು ಅದೇ ಮೊದಲು. ಆತಿಥೇಯ ಥಾಯ್ಲೆಂಡ್, ಕುವೈತ್ ಮತ್ತು ಲೆಬನಾನ್‌ಗಳಿದ್ದ ಗುಂಪಿನಿಂದ ಮುಂದಿನ ಹಂತಕ್ಕೆ ದಾಟಲು ಅದಕ್ಕೆ ಸಾಧ್ಯವಾಗಲಿಲ್ಲ. ಇದನ್ನು ಸೋಲೆಂದು ಬರೆದು ಮುಗಿಸುವುದು ಸುಲಭವಾದರೂ ವಿಶ್ಲೇಷಣೆಗೆ ಯೋಗ್ಯವಾದದ್ದು ಆ ಮೂರು ಪಂದ್ಯಗಳಿಗಿಂತ ಅವುಗಳ ಹಿಂದಿನ ಹದಿನೆಂಟು ವರ್ಷಗಳ ಮೌನ. ಏಕೆಂದರೆ ರಾಷ್ಟ್ರೀಯ ತಂಡವೊಂದು ಹೊರದೇಶದಲ್ಲಿ ಬರೆಸಿಕೊಳ್ಳುವ ದಾಖಲೆಯೆಂಬುದು ಆ ದೇಶದ ಊರುಗಳಲ್ಲಿ ಎರಡು ಪಂದ್ಯಾವಳಿಗಳ ನಡುವೆ ಏನು ನಡೆದಿತ್ತು, ಏನು ನಡೆದಿರಲಿಲ್ಲ ಎಂಬುದರ ಲೆಕ್ಕವೇ ಆಗಿರುತ್ತದೆ.

ಆಟದ ಸ್ವರೂಪವನ್ನು ಮೊದಲು ತಿಳಿಯಬೇಕು. ಬೀಚ್ ಸಾಕರ್ ಎಂದರೆ ಮರಳಿನ ಮೇಲೆ ಬರಿಗಾಲಿನಲ್ಲಿ ಆಡುವ ಫುಟ್‌ಬಾಲ್. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಐವರು. ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಹೊರಗೆ ಹೋಗಿಬರಬಹುದು. ಹನ್ನೆರಡು ನಿಮಿಷಗಳ ಮೂರು ಅವಧಿಗಳು. ಅಂಗಳದ ಉದ್ದ 35ರಿಂದ 37 ಮೀಟರ್, ಅಗಲ 26ರಿಂದ 28 ಮೀಟರ್. ಪಂದ್ಯ ಸಮಬಲದಲ್ಲಿ ಮುಗಿಯುವಂತಿಲ್ಲ, ಹೆಚ್ಚುವರಿ ಮೂರು ನಿಮಿಷಗಳಲ್ಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಒದೆತಗಳಿಂದ ಗೆಲುವು ನಿರ್ಧಾರವಾಗಬೇಕು. ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಪುಟಿಯುವುದೂ ಇಲ್ಲ. ಆದ್ದರಿಂದ ಹುಲ್ಲಿನ ಮೇಲೆ ಕಲಿತ ನೆಲಮಟ್ಟದ ಪಾಸ್ ಇಲ್ಲಿ ಎರಡು ಹೆಜ್ಜೆಯಲ್ಲೇ ಹೂತುಹೋಗುತ್ತದೆ, ಆಟಗಾರ ಕಾಲ್ಬೆರಳಿನಿಂದ ಚೆಂಡನ್ನು ಎತ್ತಿ ಗಾಳಿಯಲ್ಲೇ ಸಾಗಿಸಬೇಕಾಗುತ್ತದೆ. ಗೋಲಿಗೆ ಬೆನ್ನು ಮಾಡಿ ಮೇಲೆ ಹಾರಿ ತಲೆಯ ಹಿಂದಕ್ಕೆ ಒದೆಯುವ ಬೈಸಿಕಲ್ ಕಿಕ್ ಹುಲ್ಲಿನ ಮೈದಾನದಲ್ಲಿ ಅಪರೂಪದ ಚಮತ್ಕಾರವಾದರೆ ಇಲ್ಲಿ ದಿನದ ಪಾಠ. ಅಂಗಳ ಚಿಕ್ಕದಾದ್ದರಿಂದ ಗೋಲ್‌ಕೀಪರ್ ಕೂಡ ದಾಳಿಗೆ ಇಳಿಯುತ್ತಾನೆ. ಮೇಲ್ನೋಟಕ್ಕೆ ಫುಟ್‌ಬಾಲಿನ ತಮ್ಮನಂತೆ ಕಂಡರೂ ಇದು ಪ್ರತ್ಯೇಕ ವಿದ್ಯೆ. ಹುಲ್ಲಿನ ಆಟಗಾರರನ್ನು ಕೆಲವು ವಾರಗಳ ಶಿಬಿರದಲ್ಲಿ ಮರಳಿಗೆ ಒಗ್ಗಿಸುತ್ತೇವೆ ಎಂಬ ನಂಬಿಕೆ ಎಲ್ಲಿಯೂ ಬಹುಕಾಲ ಫಲ ಕೊಟ್ಟಿಲ್ಲ.

ಬ್ರೆಜಿಲ್‌ನ ಕಡಲತೀರಗಳಲ್ಲಿ ಬೆಳೆದ ಈ ಆಟದ ನಿಯಮಗಳು 1992ರಲ್ಲಿ ಲಿಖಿತ ರೂಪಕ್ಕೆ ಬಂದವು. ವಿಶ್ವ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಫಿಫಾ ತನ್ನ ಹೆಸರಿನ ಮೊದಲ ವಿಶ್ವಕಪ್ಪನ್ನು 2005ರಲ್ಲಿ ರಿಯೊ ಡಿ ಜನೈರೊದ ಕೊಪಕಬಾನದಲ್ಲಿ ನಡೆಸಿತು, ಅದನ್ನು ಗೆದ್ದದ್ದು ಫ್ರಾನ್ಸ್. ಆನಂತರದ ಪಟ್ಟಿಯಲ್ಲಿ ಬ್ರೆಜಿಲ್‌ನದೇ ಸಿಂಹಪಾಲು; 2025ರ ಮೇನಲ್ಲಿ ಸೀಶೆಲ್ಸ್‌ನಲ್ಲಿ ಬೆಲಾರೂಸ್ ವಿರುದ್ಧ 4-3ರಿಂದ ಗೆದ್ದು ಅದು ಏಳನೆಯ ಬಾರಿ ಕಪ್ ಎತ್ತಿತು. ಏಷ್ಯಾ ಖಂಡದ ಮಟ್ಟದಲ್ಲಿ ಮೊದಲ ಪ್ರಶಸ್ತಿ 2006ರಲ್ಲಿ ಬಹ್ರೇನ್‌ಗೆ ಸಂದಿತು. ಅಲ್ಲಿಂದೀಚೆಗೆ ಅದು ಸಂಯುಕ್ತ ಅರಬ್ ಎಮಿರೇಟ್ಸ್, ಜಪಾನ್, ಇರಾನ್, ಒಮಾನ್ ಎಂಬ ನಾಲ್ಕೇ ಮನೆಗಳ ನಡುವೆ ಓಡಾಡಿದೆ.

ಈ ಪಟ್ಟಿಯನ್ನು ಭೂಪಟದೊಡನೆ ಇಟ್ಟು ಓದಿದರೆ ಬಹುಜನರ ಊಹೆಯೊಂದು ಕುಸಿಯುತ್ತದೆ. ಬೀಚ್ ಸಾಕರ್‌ಗೆ ಬೀಚ್ ಬೇಕು, ಉದ್ದನೆಯ ಕರಾವಳಿಯಿದ್ದರೆ ತಂಡ ತಾನಾಗಿ ಹುಟ್ಟುತ್ತದೆ ಎಂಬುದು ಆ ಊಹೆ. 2025ರ ಫೈನಲ್ ತಲುಪಿದ ಬೆಲಾರೂಸ್‌ಗೆ ಸಮುದ್ರವೇ ಇಲ್ಲ. 2009ರಲ್ಲಿ ದುಬೈನಲ್ಲಿ ಬ್ರೆಜಿಲ್ ಎದುರು ಫೈನಲ್ ಆಡಿದ ಸ್ವಿಟ್ಜರ್ಲೆಂಡ್ ಸುತ್ತ ನೆಲವೇ ಇರುವ ಪರ್ವತದೇಶ. 2019ರ ವಿಶ್ವಕಪ್ಪಿಗೆ ಆತಿಥ್ಯ ನೀಡಿದ ಪರಾಗ್ವೆಗೂ ಕಡಲಿಲ್ಲ; 2021ರಲ್ಲಿ ಆತಿಥೇಯ ನಗರವಾದ ಮಾಸ್ಕೊ ಕಡಲಿನಿಂದ ನೂರಾರು ಮೈಲಿ ದೂರ. ಇರಾನ್‌ನಲ್ಲಿ ಈ ಆಟಕ್ಕೆ ಹೆಸರಾದ ಊರುಗಳಲ್ಲಿ ಯಜ್ದ್ ಒಂದು. ಅದು ಮರುಭೂಮಿಯಂಚಿನ ಒಳನಾಡಿನ ಪಟ್ಟಣ. ಇನ್ನೊಂದು ತುದಿಯಲ್ಲಿ ಟಹೀಟಿಯಿದೆ. 2013ರಲ್ಲಿ ತನ್ನ ನೆಲದಲ್ಲೇ ವಿಶ್ವಕಪ್ ನಡೆಸಿ ನಾಲ್ಕನೆಯ ಸ್ಥಾನ ಪಡೆದ ಆ ದ್ವೀಪ 2015 ಮತ್ತು 2017ರಲ್ಲಿ ಸತತವಾಗಿ ಎರಡು ಬಾರಿ ಫೈನಲ್ ಆಡಿತು. ಟಹೀಟಿ ಸೇರಿರುವ ಫ್ರೆಂಚ್ ಪಾಲಿನೇಷ್ಯಾದ ಒಟ್ಟು ಜನಸಂಖ್ಯೆ ಮೂರು ಲಕ್ಷವನ್ನು ಮುಟ್ಟುವುದಿಲ್ಲ. ಹೋಲಿಕೆಗೆ ಮುಂಬಯಿಯ ನೆರೆಯ ಠಾಣೆಯನ್ನು ನೋಡಿ: 2011ರ ಜನಗಣತಿಯ ಪ್ರಕಾರ ಠಾಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲೇ 18 ಲಕ್ಷಕ್ಕೂ ಹೆಚ್ಚು, ಪಕ್ಕದ ಕಲ್ಯಾಣ್-ಡೊಂಬಿವಲಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಡಲು, ಜನಬಲ ಎರಡೂ ದಾಖಲೆಯನ್ನು ನಿರ್ಧರಿಸುವುದಿಲ್ಲವಾದರೆ ಉಳಿಯುವುದು ಎರಡೇ: ವರ್ಷವೂ ತಪ್ಪದೆ ನಡೆಯುವ ದೇಶೀಯ ಸ್ಪರ್ಧೆ ಮತ್ತು ಅದಕ್ಕೆಂದೇ ಮೀಸಲಾದ ಮರಳಿನ ಅಂಗಳ. ಜಪಾನ್ ಇವಕ್ಕೆ ಮೂರನೆಯದನ್ನೂ ಸೇರಿಸಿತು. ಬ್ರೆಜಿಲ್‌ನಲ್ಲಿ ಹುಟ್ಟಿದ ರೂಯ್ ರಾಮೋಸ್ ಅವರ ಕೈಗೆ ತರಬೇತಿಯನ್ನು ಕೊಟ್ಟು, ಅಲ್ಲಿಂದಲೇ ಬಂದು ಜಪಾನಿನ ಪೌರತ್ವ ಪಡೆದ ಓಜು ಮೊರೇರಾ ಅವರನ್ನು ತಂಡದ ಕೇಂದ್ರದಲ್ಲಿಟ್ಟು, 2005ರಲ್ಲಿ ನಾಲ್ಕನೆಯದಾಗಿದ್ದ ತಂಡವನ್ನು 2021ರಲ್ಲಿ ಫೈನಲ್‌ವರೆಗೆ ಒಯ್ದಿತು. ಹದಿನಾರು ವರ್ಷಗಳ ಕಾಲ ಒಂದೇ ಹಾದಿಯನ್ನು ಬಿಡದೆ ನಡೆದವರ ಫಲವಿದು.

ಭಾರತದಲ್ಲಿ ಈ ಹಾದಿ ಆರಂಭವಾದದ್ದೇ ತೀರ ಈಚೆಗೆ. 2022ರ ಆಗಸ್ಟ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು ಫಿಫಾ ಕೆಲವು ದಿನಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತ್ತು. ಅಮಾನತು ತೆರವಾಗಿ, ಸೆಪ್ಟೆಂಬರ್‌ನಲ್ಲಿ ಹೊಸ ಆಡಳಿತ ಬಂದ ಮೇಲೆ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ 2023ರ ಜನವರಿ ಕೊನೆಯ ವಾರ ಸೂರತ್‌ನ ಡುಮಸ್ ತೀರದಲ್ಲಿ ನಡೆಯಿತು. ಕೇರಳ ಫೈನಲ್‌ನಲ್ಲಿ ಪಂಜಾಬನ್ನು 13-4ರಿಂದ ಸೋಲಿಸಿತು. ಕೇರಳದ ಗೆಲುವು ಸಹಜವೆನಿಸಬಹುದು, ಆದರೆ ಗಮನಿಸಬೇಕಾದದ್ದು ಸೋತ ತಂಡವನ್ನು. ಕಡಲನ್ನೇ ಕಾಣದ ಪಂಜಾಬ್, ಕರಾವಳಿಯ ರಾಜ್ಯಗಳನ್ನು ಹಿಂದಿಕ್ಕಿ ಫೈನಲ್‌ಗೆ ಬಂದಿತ್ತು. ಅದೇ ವರ್ಷ ಗೋವಾದ ರಾಷ್ಟ್ರೀಯ ಕ್ರೀಡಾಕೂಟದಲ್ಲೂ, 2025ರ ಮೇನಲ್ಲಿ ದೀವ್‌ನಲ್ಲಿ ನಡೆದ ಖೇಲೊ ಇಂಡಿಯಾ ಬೀಚ್ ಕ್ರೀಡಾಕೂಟದಲ್ಲೂ ಈ ಆಟಕ್ಕೆ ಸ್ಥಾನ ಸಿಕ್ಕಿತು. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಒಂದು ವಾರದ ಪಂದ್ಯಾವಳಿ ಮುಗಿದು ಗೋಲ್‌ಕಂಬಗಳನ್ನು ಕಿತ್ತ ಮೇಲೆ ಉಳಿದ ಐವತ್ತೊಂದು ವಾರ ಆ ಆಟಗಾರ ಎಲ್ಲಿ ಆಡಬೇಕು ಎಂಬುದಕ್ಕೆ ಈ ಹೆಜ್ಜೆಗಳಲ್ಲಿ ಉತ್ತರವಿಲ್ಲ.

ದೊಡ್ಡ ಪಂದ್ಯಾವಳಿಗಳಿಗೆ ಆತಿಥ್ಯ ವಹಿಸಿದರೆ ಆಟ ಬೇರುಬಿಡುತ್ತದೆ ಎಂಬ ವಾದವನ್ನು ಪರೀಕ್ಷಿಸಲು ನವಿ ಮುಂಬಯಿಗಿಂತ ಸೂಕ್ತವಾದ ಊರು ಬೇರೆ ಇಲ್ಲ. ನೆರುಳ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣ 2017ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವಕಪ್‌ನ ಸೆಮಿಫೈನಲ್ ಕಂಡಿತು. 2022ರ ಫೆಬ್ರುವರಿಯಲ್ಲಿ ಮಹಿಳಾ ಏಷ್ಯನ್ ಕಪ್‌ನ ಫೈನಲ್, ಅದೇ ವರ್ಷದ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ನ ಫೈನಲ್ ಅಲ್ಲಿಯೇ ನಡೆದವು. ಮಹಿಳಾ ಏಷ್ಯನ್ ಕಪ್‌ನಲ್ಲಿ ಆತಿಥೇಯ ಭಾರತ ಕೋವಿಡ್ ಸೋಂಕಿನಿಂದಾಗಿ ತಂಡ ಕಟ್ಟಲಾಗದೆ ನಡುವೆಯೇ ಹೊರಬಿದ್ದದ್ದೂ ಇದೇ ಅಂಗಳದಲ್ಲಿ. ಜಗತ್ತಿನ ಶ್ರೇಷ್ಠ ಕಿರಿಯರು ಬಂದು ಆಡಿಹೋದರು. ಆದರೂ ಆ ಕ್ರೀಡಾಂಗಣದಿಂದ ಅಷ್ಟೇನೂ ದೂರವಲ್ಲದ ಠಾಣೆಯ ಕಳವಾದಲ್ಲಿ, ಡೊಂಬಿವಲಿಯಲ್ಲಿ ಸಾಮಾನ್ಯ ಮನೆಯ ಹುಡುಗನಿಗೆ ದಕ್ಕುವುದು ಕಲ್ಲುಮಣ್ಣಿನ ಗಟ್ಟಿ ಮೈದಾನ ಅಥವಾ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಆಡುವ ಕೃತಕ ಹುಲ್ಲಿನ ಟರ್ಫ್. ಉತ್ಸವದ ಬೆಳಕು ಓಣಿಯವರೆಗೆ ಬರಬೇಕಾದರೆ ಓಣಿಯಲ್ಲೇ ಒಂದು ಕಂಬ ನೆಡಬೇಕಾಗುತ್ತದೆ.

ಇಲ್ಲಿ ಕನ್ನಡಿಗರ ಫುಟ್‌ಬಾಲ್ ಇತಿಹಾಸದ ಒಂದು ಎಳೆಯನ್ನು ನೆನೆಯುವುದು ವಿಷಯಾಂತರವಾಗಲಾರದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸ್ ಎದುರು 1-2ರಿಂದ ಸೋತಾಗ ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಮಣಿಸಿದಾಗ ಆ ಒಂದನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರವೇ ಬೂಟು ಕಡ್ಡಾಯವಾಯಿತು, ಹುಲ್ಲಿನ ಆಟಕ್ಕೆ ಅದು ಸರಿಯಾದ ನಿರ್ಧಾರವೂ ಆಗಿತ್ತು. ಆದರೆ ಪಾದದ ಚರ್ಮದಿಂದಲೇ ಚೆಂಡನ್ನು ಅರಿಯುವ, ಬೆರಳಿನಿಂದ ಎತ್ತಿ ತಿರುಗಿಸುವ ಒಂದು ವಿದ್ಯೆ ಅಂದಿನಿಂದ ಮೆಲ್ಲಗೆ ಮರೆಯಾಯಿತು. ಬೂಟನ್ನು ನಿಷೇಧಿಸುವ ಈ ಹೊಸ ಆಟ ಅದೇ ವಿದ್ಯೆಯನ್ನು ಮತ್ತೆ ಕೇಳುತ್ತಿರುವಾಗ ಭಾರತ ಅದನ್ನು ಮೊದಲಿನಿಂದ ಕಲಿಯಬೇಕಾಗಿ ಬಂದಿರುವುದು ನೋವಿನ ಸಂಗತಿ.

ಕಳವಾ ಊರಿನ ಹೆಸರನ್ನು ಈ ಚರ್ಚೆಗೆ ತರಲು ಕಾರಣವಿದೆ. ಠಾಣೆಯ ಖಾಡಿಯ, ಅಂದರೆ ಕಡಲಿನ ಉಬ್ಬರದ ನೀರು ಒಳನುಗ್ಗುವ ಕೊಲ್ಲಿಯ, ಪೂರ್ವ ದಂಡೆಯಲ್ಲಿ ಕಳವಾ-ಮುಂಬ್ರಾಗಳ ಅಂಚಿನಲ್ಲಿರುವ ತಾಣಕ್ಕೆ ರೇತಿ ಬಂದರ್ ಎಂದೇ ಹೆಸರು. ರೇತಿ ಎಂದರೆ ಮರಾಠಿಯಲ್ಲಿ ಮರಳು; ಖಾಡಿಯ ತಳದಿಂದ ಎತ್ತಿದ ಮರಳನ್ನು ದೋಣಿಗಳಿಂದ ಇಳಿಸುತ್ತಿದ್ದ ಜಾಗವದು. ಠಾಣೆ, ಮುಂಬಯಿಗಳ ಎಷ್ಟೋ ಕಟ್ಟಡಗಳ ಗೋಡೆಯಲ್ಲಿ ಈ ಖಾಡಿಯ ಮರಳಿದೆ. ಆ ಗೋಡೆಗಳನ್ನು ಎಬ್ಬಿಸಿದವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕೂಲಿಕಾರರೂ ಇದ್ದಾರೆ, ಅವರ ಬಾಯಲ್ಲಿ ಅದು ಉಸುಕು. ಹೋಟೆಲು, ಕಚೇರಿ, ಕಾರ್ಖಾನೆಗಳ ಕೆಲಸಕ್ಕೆ ಬಂದ ಉಡುಪಿ, ದಕ್ಷಿಣ ಕನ್ನಡದವರಿಗೆ ಅದೇ ಹೊಯ್ಗೆ. ಒಂದೇ ವಸ್ತುವಿಗೆ ಮೂರು ಹೆಸರಿಟ್ಟು ಬದುಕುತ್ತಿರುವ ಈ ಸಮುದಾಯಗಳಿಗೆ ಸಂಘಟನೆಯ ಶಕ್ತಿ ಕಡಿಮೆಯಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘ ಶಾಲೆಯನ್ನೇ ಕಟ್ಟಿ ನಡೆಸಿದೆ. ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ ಮುಂಬಯಿಯಲ್ಲಿದೆ. ಮುಂಬಯಿಯ ಫುಟ್‌ಬಾಲ್ ಲೀಗಿನಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಎಂಬ ಹೆಸರಿನ ತಂಡ ಆಡುತ್ತ ಬಂದಿದೆ.

ಮರಳಿನ ಅಂಗಳವೊಂದಕ್ಕೆ ಬೇಕಾದದ್ದನ್ನು ಲೆಕ್ಕ ಹಾಕಿದರೆ ವಿಷಯ ಹಗುರವಾಗುತ್ತದೆ. ನಿಯಮದ ಪ್ರಕಾರ ಮರಳಿನ ಆಳ 40 ಸೆಂಟಿಮೀಟರ್‌ಗಿಂತ ಕಡಿಮೆಯಿರಬಾರದು. ಗೆರೆಯಾಚೆಗಿನ ಜಾಗವನ್ನೂ ಸೇರಿಸಿ 40 ಮೀಟರ್ ಉದ್ದ, 31 ಮೀಟರ್ ಅಗಲ ಎಂದಿಟ್ಟುಕೊಂಡರೆ ಸುಮಾರು 500 ಘನ ಮೀಟರ್ ಮರಳು ಸಾಕು. ಮಹಾರಾಷ್ಟ್ರದ ಮರಳು ವ್ಯಾಪಾರದಲ್ಲಿ ಬಳಸುವ ಬ್ರಾಸ್ ಎಂಬ ಅಳತೆಯಲ್ಲಿ, ಒಂದು ಬ್ರಾಸ್ ಎಂದರೆ ನೂರು ಘನ ಅಡಿ, ಇದು 177 ಬ್ರಾಸ್ ಆಗುತ್ತದೆ. ನಾಲ್ಕೈದು ಬ್ರಾಸ್ ಹೊರುವ ಡಂಪರ್‌ಗಳಲ್ಲಿ ಹೇಳುವುದಾದರೆ ನಲವತ್ತು ಲೋಡ್. ಒಂದು ಸಾಧಾರಣ ವಸತಿ ಕಟ್ಟಡ ನುಂಗುವ ಮರಳಿನ ಮುಂದೆ ಇದು ದೊಡ್ಡದಲ್ಲ. ಕೃತಕ ಹುಲ್ಲಿನ ಹಾಸು ಸವೆದಾಗ ಅದನ್ನೇ ಬದಲಿಸಬೇಕು, ಮರಳಿಗೆ ಕಾಲಕಾಲಕ್ಕೆ ಜರಡಿ ಹಿಡಿದು ಸಮತಟ್ಟು ಮಾಡಿದರಾಯಿತು. ತಳದಲ್ಲಿ ನೀರು ಬಸಿದುಹೋಗಲು ಸರಿಯಾದ ದಾರಿಯಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿ ಮಳೆಯಲ್ಲಿ ಮಣ್ಣಿನ ಮೈದಾನಗಳು ಕೆಸರಾಗಿರುವಾಗಲೂ ಮರಳಿನಲ್ಲಿ ಆಡಬಹುದು. ಅದೇ ಅಂಗಳದಲ್ಲಿ ಬೆಳಗ್ಗೆ ಕಬಡ್ಡಿ, ಸಂಜೆ ಫುಟ್‌ಬಾಲ್ ನಡೆಯಬಹುದು. ಏಷ್ಯನ್ ಬೀಚ್ ಕ್ರೀಡಾಕೂಟಗಳಲ್ಲಿ, 2008ರ ಬಾಲಿಯಲ್ಲೂ 2016ರ ಡಾ ನಾಂಗ್‌ನಲ್ಲೂ, ಭಾರತದ ಮಹಿಳೆಯರು ಕಬಡ್ಡಿಯಲ್ಲಿ ಚಿನ್ನ ಗೆದ್ದದ್ದು ಊರೂರಿನ ಅಂಗಳಗಳಲ್ಲಿ ಆ ಆಟ ಎಂದೂ ನಿಲ್ಲದೆ ಇದ್ದುದರಿಂದ. ಫುಟ್‌ಬಾಲ್‌ನ ಸೋದರ ಆಟಕ್ಕೆ ಸಿಗದೇ ಹೋದದ್ದು ಅದೊಂದೇ.

ಒಂದು ಆಕ್ಷೇಪವನ್ನು ಮಾತ್ರ ಗಂಭೀರವಾಗಿ ಎದುರಿಸಲೇಬೇಕು. ಖಾಡಿಯ ದಂಡೆ ಇಂದು ಕಾಂಡ್ಲಾ ಕಾಡಿನ ನೆಲೆ; 2022ರಲ್ಲಿ ಠಾಣೆ ಖಾಡಿ ರಾಮ್‌ಸರ್ ಪಟ್ಟಿಗೆ, ಎಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ, ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳು ಇಳಿಯುತ್ತವೆ. ಮರಳು ಎತ್ತುವಿಕೆ ಪರಿಸರಕ್ಕೆ ಮಾಡಿದ ಗಾಯವನ್ನು ನೋಡಿ ಬಾಂಬೆ ಹೈಕೋರ್ಟ್ 2010ರಲ್ಲಿ ಮಹಾರಾಷ್ಟ್ರದಲ್ಲಿ ಮರಳು ಗಣಿಗಾರಿಕೆಗೆ ತಡೆ ಒಡ್ಡಿತ್ತು. ಆಟದ ಹೆಸರಿನಲ್ಲಿ ದಂಡೆಯನ್ನು ಮುಚ್ಚುವುದಾಗಲಿ, ಹೊಸದಾಗಿ ಖಾಡಿಯನ್ನು ಕೆದಕುವುದಾಗಲಿ ಒಪ್ಪತಕ್ಕದ್ದಲ್ಲ. ಅಂಗಳ ಬರಬೇಕಾದದ್ದು ಊರೊಳಗೆ ಈಗಾಗಲೇ ಇರುವ ಪಾಲಿಕೆಯ ಮೈದಾನದ ಒಂದು ಮೂಲೆಯಲ್ಲಿ. ಮರಳು ಬರಬೇಕಾದದ್ದು ಕಂದಾಯ ಇಲಾಖೆಯ ವಶದಿಂದ: ಅಕ್ರಮವಾಗಿ ಎತ್ತಿದ ಮರಳನ್ನು ತಹಶೀಲ್ದಾರರ ದಳಗಳು ಮುಟ್ಟುಗೋಲು ಹಾಕಿಕೊಂಡು ನಂತರ ಹರಾಜಿಗಿಡುವ ಪದ್ಧತಿಯಿದೆ. ಹರಾಜಾದ ಮರಳು ಮತ್ತೆ ಕಾಂಕ್ರೀಟಿಗೇ ಹೋಗುತ್ತದೆ. ಅದರಲ್ಲಿ 177 ಬ್ರಾಸ್‌ನಷ್ಟನ್ನು ಜಿಲ್ಲಾಡಳಿತ ಪಾಲಿಕೆಗೆ ಕೊಟ್ಟು, ಖಾಡಿಯ ಹೂಳು, ಉಪ್ಪು, ಕಪ್ಪೆಚಿಪ್ಪಿನ ಚೂರುಗಳು ಹೋಗುವಂತೆ ತೊಳೆದು ಜರಡಿ ಹಿಡಿದರೆ, ಬರಿಗಾಲಿಗೆ ಗಾಯವಾಗದ ಮರಳು ಕಳವಾ ಊರಿನ ಮಕ್ಕಳಿಗೆ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಸಿಗುತ್ತದೆ.